ಹಾರ್ಬಿನ್ನಿನ ವೈದ್ಯ

1910ನೆಯ ಇಸವಿ ಡಿಸೆಂಬರ್ 24. ಉತ್ತರ ಮಂಚೂರಿಯಾದ ಹಾರ್ಬಿನ್ ನಗರದ ರೈಲು ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ವಯಸ್ಸಿನ ವೈದ್ಯರೊಬ್ಬರು ಬಂದಿಳಿದರು. ಕೈಯಲ್ಲಿ ಒಂದು ಚಿಕ್ಕ ಸೂಕ್ಷ್ಮದರ್ಶಕ, ಸಂಗಡ ಒಬ್ಬ ವಿದ್ಯಾರ್ಥಿ. ಇಷ್ಟೇ ಅವರ ಪರಿವಾರ. ಚಳಿಯ ತೀವ್ರತೆಯಿಂದ ಊರಿನ ಪಕ್ಕದ ಸುಂಗಾರಿ ನದಿ ಹೆಪ್ಪುಗಟ್ಟಿ ಬಂಡೆಯಂತಾಗಿದ್ದಿತು. ಊರಿನೊಳಗೆ ಜನರು ಸಾಯುತ್ತಿದ್ದರು. ಮೊದಲು ಜ್ವರ, ಅನಂತರ ಕೆಮ್ಮು, ಕೆಮ್ಮಿನೊಡನೆ ರಕ್ತ. ಎರಡು ಮೂರು ದಿನಗಳಲ್ಲಿ ಮೈ ನೀಲಿಗಟ್ಟಿ ಮರಣ. ಹಾಸಿಗೆ ಹಿಡಿದವರಲ್ಲಿ ಮತ್ತೆ ಎದ್ದವರೇ ಇಲ್ಲವೆನ್ನಬಹುದು.

ಆ ವೈದ್ಯರೇ ವು ಲಿಯೆನ್-ತೆ. ಚೀನದ ಸರ್ಕಾರ ಅವರನ್ನು ಕಳುಹಿಸಿದ್ದುದು ರೋಗವನ್ನು ತಡೆಯುವುದಕ್ಕಾಗಿ. ಆದರೆ ಅವರು ಕೈಕೊಳ್ಳಬೇಕಾಗಿದ್ದ ಕೆಲಸ ವೈದ್ಯನದು ಮಾತ್ರ ಆಗಿರಲಿಲ್ಲ, ರಾಯಭಾರಿಯದೂ ಆಗಿದ್ದಿತು. ರೋಗವನ್ನು ಗೆಲ್ಲುವುದಕ್ಕಿಂತ ರೋಗದ ವಿಷಯದಲ್ಲಿ ಮನುಷ್ಯರನ್ನು ಒಪ್ಪಿಸುವುದೇ ಕಷ್ಟವೆಂಬುದು ಅವರಿಗೆ ಬೇಗನೆ ತಿಳಿದುಬಂದಿತು.

ವು ಲಿಯೆನ್-ತೆಯವರು ಚೀನೀ ಮನೆತನದವರಾದರೂ ಹುಟ್ಟಿದ್ದು ಚೀನದಲ್ಲಲ್ಲ. ಮಲಯ ಪರ್ಯಾಯದ್ವೀಪದ ಪಶ್ಚಿಮ ತೀರದ ಪೆನಾಂಗ್ ದ್ವೀಪದಲ್ಲಿ, 1879ರ ಮಾರ್ಚ್ 10ರಂದು ಅವರ ಜನನವಾಯಿತು. ಪೆನಾಂಗ್ ಆಗ ಬ್ರಿಟಿಷರ ಆಳ್ವಿಕೆಗೆ ಒಳಪಟ್ಟಿದ್ದಿತು. ಅವರ ತಂದೆ ದಕ್ಷಿಣ ಚೀನದಿಂದ ಬದುಕನ್ನರಸಿ ಬಂದು ನೆಲೆಸಿದ ಅಕ್ಕಸಾಲಿಗರು. ಮನೆ ತುಂಬ ಮಕ್ಕಳು. ಅಂತಹ ಮನೆಯ ಹುಡುಗ ಊರಿನ ಫ್ರೀ ಸ್ಕೂಲಿನಲ್ಲಿ ಓದಿ, 1896ರಲ್ಲಿ ರಾಣಿಯ ಹೆಸರಿನ ವಿದ್ಯಾರ್ಥಿವೇತನವನ್ನು ಪಡೆದು, ಹದಿನೇಳನೆಯ ವಯಸ್ಸಿನಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜನ್ನು ಸೇರಿದನು. ಅಲ್ಲಿ ವೈದ್ಯವಿದ್ಯೆಯನ್ನು ಕಲಿತ ಚೀನೀ ವಂಶದವರಲ್ಲಿ ಅವನೇ ಮೊದಲಿಗ. ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ತರಬೇತಿ ಮುಗಿದ ಮೇಲೆ ಅವರು ಲಿವರ್‌ಪೂಲಿನಲ್ಲಿ ರೊನಾಲ್ಡ್ ರಾಸ್‌ರವರ ಬಳಿ ಕೆಲಸಮಾಡಿದರು. ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಗುಟ್ಟನ್ನು ಕಂಡುಹಿಡಿದ ರಾಸ್‌ರವರೇ ಇವರು. ಆಮೇಲೆ ಜರ್ಮನಿಯ ಹಾಲೆ ನಗರದಲ್ಲಿಯೂ ಪ್ಯಾರಿಸಿನ ಪಾಸ್ಚರ್ ಸಂಸ್ಥೆಯಲ್ಲಿಯೂ ರೋಗಾಣುಶಾಸ್ತ್ರವನ್ನು ಅಭ್ಯಾಸಮಾಡಿದರು.

ಇಷ್ಟೆಲ್ಲ ವಿದ್ಯೆಯನ್ನು ಗಳಿಸಿ 1903ರಲ್ಲಿ ಊರಿಗೆ ಮರಳಿದಾಗ ಅವರಿಗೆ ಸರ್ಕಾರಿ ವೈದ್ಯಶಾಖೆಯಲ್ಲಿ ಉನ್ನತ ಹುದ್ದೆ ದೊರೆಯಲಿಲ್ಲ. ಯುರೋಪಿಯನ್ ತಂದೆತಾಯಿಗಳಿಗೆ ಹುಟ್ಟಿದವರಿಗೆ ಮಾತ್ರ ಅಂತಹ ಹುದ್ದೆಗಳು ಮೀಸಲಾಗಿದ್ದವು. ಕೆಲಕಾಲ ಕ್ವಾಲಾಲಂಪುರದ ಸಂಶೋಧನಾ ಸಂಸ್ಥೆಯಲ್ಲಿ ಬೆರಿಬೆರಿ ರೋಗವನ್ನು ಕುರಿತು ಅಧ್ಯಯನ ನಡೆಸಿ, ಅನಂತರ ಪೆನಾಂಗಿನಲ್ಲಿ ಸ್ವಂತ ಚಿಕಿತ್ಸಾಲಯವನ್ನು ತೆರೆದರು.

ಅಲ್ಲಿ ಅವರ ಕಣ್ಣಿಗೆ ಬಿದ್ದುದು ಅಫೀಮು. ದುಡಿಯುವ ಜನರು ದಿನದ ಕೂಲಿಯನ್ನು ಹೊಗೆಯಾಗಿ ಸುಟ್ಟು ಎಲುಬಿನ ಹಂದರವಾಗುತ್ತಿದ್ದರು. ಆದರೆ ಅಫೀಮಿನ ತೆರಿಗೆಯೇ ಆ ವಸಾಹತು ಸರ್ಕಾರದ ವರಮಾನದ ದೊಡ್ಡ ಭಾಗ. ವು ಅವರು ಅಫೀಮು ವಿರೋಧಿ ಸಂಘವನ್ನು ಕಟ್ಟಿದರು, ಸಭೆಗಳನ್ನು ಕೂಡಿಸಿದರು. ಇದರಿಂದ ಯಾರ ಗಂಟಿಗೆ ಕೈಬಿದ್ದಿತೋ ಅವರು ಸುಮ್ಮನಿರಲಿಲ್ಲ. 1907ರಲ್ಲಿ ವು ಅವರ ಔಷಧಾಲಯವನ್ನು ಶೋಧಿಸಲಾಯಿತು. ರೋಗಿಗಳಿಗಾಗಿ ಕೊಂಡು ತಂದಿದ್ದ ಒಂದು ಔನ್ಸ್ ಅಫೀಮಿನ ದ್ರಾವಣ ಅಲ್ಲಿ ಸಿಕ್ಕಿತು. ಪರವಾನಗಿ ಇಲ್ಲದೆ ಅಫೀಮನ್ನು ಇಟ್ಟುಕೊಂಡಿದ್ದರೆಂದು ನ್ಯಾಯಾಲಯ ಅವರಿಗೆ ನೂರು ಡಾಲರ್ ದಂಡ ವಿಧಿಸಿತು, ಮೇಲ್ಮನವಿಯೂ ಬಿದ್ದುಹೋಯಿತು. ಅಫೀಮಿನ ವಿರುದ್ಧ ಹೋರಾಡಿದವನಿಗೇ ಅಫೀಮಿನ ಕಾನೂನಿನಡಿ ಶಿಕ್ಷೆ! ಮನಸ್ಸು ನೊಂದಿದ್ದ ಆ ಹೊತ್ತಿನಲ್ಲಿಯೇ ಚೀನದ ಪ್ರಬಲ ಮುತ್ಸದ್ದಿ ಯುವಾನ್ ಷಿಕಾಯ್‌ರವರ ಆಹ್ವಾನ ಬಂದಿತು. ತಿಯೆಂಟ್ಸಿನ್ ನಗರದಲ್ಲಿದ್ದ ಸೈನ್ಯದ ವೈದ್ಯಕೀಯ ಕಾಲೇಜಿಗೆ ಉಪನಿರ್ದೇಶಕರಾಗಿ ಬರಬೇಕೆಂಬುದು ಅದರ ಸಾರಾಂಶ. ವು ಅವರು ಹೊರಟರು. ಪೂರ್ವಿಕರ ನಾಡಿಗೆ ಹೋದ ಆ ಚೀನೀಯರಿಗೆ ಅಲ್ಲಿನ ಆಡಳಿತ ಭಾಷೆಯೇ ಬಾರದು! ಇಂಗ್ಲಿಷಿನಲ್ಲಿ ಪಾಠ ಹೇಳುತ್ತ, ಬಿಡುವಿನಲ್ಲಿ ಮ್ಯಾಂಡರಿನ್ ಭಾಷೆಯನ್ನು ಎಳೆಯ ವಿದ್ಯಾರ್ಥಿಯಂತೆ ಮೊದಲಿನಿಂದ ಕಲಿತರು.

ಇತ್ತ ಮಂಚೂರಿಯಾದಲ್ಲಿ ಮೃತ್ಯುವಿಗೆ ದಾರಿ ಸಿದ್ಧವಾಗುತ್ತಿದ್ದಿತು. ಅಲ್ಲಿನ ಹುಲ್ಲುಗಾವಲುಗಳಲ್ಲಿ ತರ್ಬಗಾನ್ ಎಂಬ ಪ್ರಾಣಿಗಳುಂಟು. ಇವು ಅಳಿಲಿನ ಬಳಗಕ್ಕೆ ಸೇರಿದ, ಬಿಲದಲ್ಲಿ ವಾಸಿಸುವ ದಪ್ಪ ಮೈಯ ಜೀವಿಗಳು. ಇವುಗಳ ತುಪ್ಪಳಕ್ಕೆ ಯುರೋಪಿನಲ್ಲಿ ಬೇಡಿಕೆ ಹೆಚ್ಚಿ ಬೆಲೆ ಏರಿದಾಗ, ಸಾವಿರಾರು ಬಡಜನರು ದಕ್ಷಿಣದಿಂದ ಬೇಟೆಗೆ ನುಗ್ಗಿದರು. ಹಳೆಯ ಬೇಟೆಗಾರರು ಕಾಯಿಲೆಬಿದ್ದ ಪ್ರಾಣಿಯನ್ನು ಮುಟ್ಟುತ್ತಿರಲಿಲ್ಲ. ಹೊಸಬರಿಗೆ ಆ ತಿಳಿವಳಿಕೆಯಿರಲಿಲ್ಲ. ಓಡಲಾರದ ಪ್ರಾಣಿ ಅವರಿಗೆ ಸುಲಭದ ಬೇಟೆಯೇ ಆಯಿತು. ಅವರು ತಂಗುತ್ತಿದ್ದುದು ಗಾಳಿಯಾಡದ, ಒಬ್ಬರಿಗೊಬ್ಬರು ಒತ್ತಿ ಮಲಗುವ ಇಕ್ಕಟ್ಟಾದ ಬಿಡಾರಗಳಲ್ಲಿ. ಚಳಿಗಾಲ ಬಂದು, ಹೊಸ ವರ್ಷದ ಹಬ್ಬಕ್ಕೆ ಊರು ಸೇರುವ ಆತುರದಲ್ಲಿ ಅವರು ರೈಲು ಹತ್ತಿದರು. ರೋಗವೂ ಅವರೊಡನೆ ಹತ್ತಿತು.

ಆ ರೈಲುಗಳು ಯಾರವು? ಉತ್ತರದ ದಾರಿ ರಷ್ಯದ್ದು, ದಕ್ಷಿಣದ ದಾರಿ ಜಪಾನಿನದು. ನೆಲ ಮಾತ್ರ ಚೀನದ್ದು. ಕೆಲವೇ ವರ್ಷಗಳ ಹಿಂದೆ ಆ ಎರಡು ರಾಜ್ಯಗಳೂ ಇದೇ ಮಂಚೂರಿಯಾಕ್ಕಾಗಿ ಯುದ್ಧಮಾಡಿದ್ದವು. ಚೀನಕ್ಕೆ ರೋಗವನ್ನು ತಡೆಯುವ ಸಾಮರ್ಥ್ಯವಿಲ್ಲವೆಂದು ತೋರಿಬಂದರೆ, ಜನರ ಆರೋಗ್ಯವನ್ನು ನೆಪಮಾಡಿಕೊಂಡು ಆಡಳಿತವನ್ನೇ ಕೈಗೆ ತೆಗೆದುಕೊಳ್ಳಲು ಅವು ಹವಣಿಸುತ್ತಿದ್ದವು. ಪೀಕಿಂಗಿನ ವಿದೇಶಾಂಗ ಇಲಾಖೆಯ ಷಿ ಜಾವೊಜಿ ಎಂಬ ಅಧಿಕಾರಿ ವು ಅವರಿಗೆ ತುರ್ತಾಗಿ ತಂತಿ ಕಳುಹಿಸಿದ್ದುದರ ಹಿನ್ನೆಲೆ ಇದೇ.

ಡಿಸೆಂಬರ್ 27ರಂದು, ಹಾರ್ಬಿನ್ನಿಗೆ ಅಂಟಿಕೊಂಡಿದ್ದ ಫೂಜಿಯಾದಿಯನ್ ಎಂಬ ಚೀನೀ ಪಟ್ಟಣದಲ್ಲಿ, ತಂಗುಮನೆಯನ್ನು ನಡೆಸುತ್ತಿದ್ದ ಜಪಾನೀ ಹೆಂಗಸೊಬ್ಬಳು ಸತ್ತಳೆಂಬ ಸುದ್ದಿ ಬಂದಿತು. ವು ಅವರು ಆ ಬಡ ಮನೆಯಲ್ಲಿಯೇ ಗುಟ್ಟಾಗಿ ಶವಪರೀಕ್ಷೆ ನಡೆಸಿದರು. ಸತ್ತವರ ದೇಹವನ್ನು ಕೊಯ್ಯುವುದು ಅಂದಿನ ಚೀನೀ ಸಮಾಜದ ದೃಷ್ಟಿಯಲ್ಲಿ ಘೋರ ಅಪಚಾರ. ಕಾನೂನಿನ ಒಪ್ಪಿಗೆಯೂ ಇರಲಿಲ್ಲ. ಶ್ವಾಸಕೋಶದಿಂದಲೂ ರಕ್ತದಿಂದಲೂ ತೆಗೆದ ತುಣುಕುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಪ್ಲೇಗಿನ ರೋಗಾಣುಗಳು ತುಂಬಿ ತುಳುಕುತ್ತಿದ್ದವು.

ಪ್ಲೇಗು ನಮ್ಮ ನಾಡಿಗೂ ಹೊಸದಲ್ಲ. 1894ರಲ್ಲಿ ಹಾಂಕಾಂಗಿನಲ್ಲಿ ಕಾಣಿಸಿಕೊಂಡ ಮಾರಿ 1896ರಲ್ಲಿ ಮುಂಬಯಿಯನ್ನೂ 1898ರಲ್ಲಿ ಬೆಂಗಳೂರನ್ನೂ ಹೊಕ್ಕಿತು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಊರಿಗೆ ಊರೇ ಖಾಲಿಯಾಗಿ ಜನರು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದ ಕಥೆಯನ್ನು ನಮ್ಮ ಹಿಂದಿನ ತಲೆಮಾರಿನವರು ಹೇಳುತ್ತಿದ್ದರು. ಇಲಿಯ ಮೈಮೇಲಿನ ಚಿಗಟ ಮನುಷ್ಯನನ್ನು ಕಚ್ಚಿ, ಕಂಕುಳಲ್ಲಿಯೋ ತೊಡೆಯ ಸಂದಿಯಲ್ಲಿಯೋ ಗೆಡ್ಡೆ ಏಳುವ ಪ್ಲೇಗು ಅದು. ವೈದ್ಯಲೋಕಕ್ಕೆ ಆಗ ಚೆನ್ನಾಗಿ ಪರಿಚಯವಾಗಿದ್ದುದು ಈ ಬಗೆಯೇ. ಆದುದರಿಂದ ಹಾರ್ಬಿನ್ನಿನಲ್ಲಿಯೂ ಎಲ್ಲರೂ ಇಲಿಗಳನ್ನು ಹುಡುಕುತ್ತಿದ್ದರು. ಜಪಾನೀ ವೈದ್ಯರೊಬ್ಬರು ಇಲಿಗಳನ್ನು ಒಂದೊಂದಾಗಿ ಕೊಯ್ದು ನೋಡಿದರೂ ರೋಗಾಣು ಸಿಕ್ಕಿರಲಿಲ್ಲ. ವು ಅವರು ಬೇರೊಂದು ತೀರ್ಮಾನಕ್ಕೆ ಬಂದರು. ಈ ರೋಗಕ್ಕೆ ಇಲಿಯೂ ಬೇಡ, ಚಿಗಟವೂ ಬೇಡ. ರೋಗಿಯ ಉಸಿರಿನಲ್ಲಿ, ಕೆಮ್ಮಿನ ತುಂತುರಿನಲ್ಲಿ ಅದು ಮನುಷ್ಯನಿಂದ ಮನುಷ್ಯನಿಗೆ ನೇರವಾಗಿ ಹಾರುತ್ತದೆ. ಇದು ಶ್ವಾಸಕೋಶದ ಪ್ಲೇಗು.

ಇದು ನಿಜವಾದರೆ ಮಾಡಬೇಕಾದ ಮೊದಲ ಕೆಲಸ ಮೂಗುಬಾಯಿಗಳನ್ನು ಮುಚ್ಚುವುದು. ತೆಳುವಾದ ಜಾಳಿಗೆ ಬಟ್ಟೆಯ ಪದರಗಳ ನಡುವೆ ಹತ್ತಿಯನ್ನಿಟ್ಟು, ತುದಿಗಳನ್ನು ಸೀಳಿ ತಲೆಯ ಹಿಂದೆ ಕಟ್ಟಿಕೊಳ್ಳುವ ಅಗ್ಗದ ಮುಸುಕನ್ನು ಅವರು ಬಳಕೆಗೆ ತಂದರು. ಶಸ್ತ್ರಚಿಕಿತ್ಸಕರು ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುವ ರೂಢಿ ಅದಕ್ಕೆ ಮೊದಲೇ ಇದ್ದಿತು. ವು ಅವರು ಅದನ್ನು ಊರಿನ ರಕ್ಷಣೆಗೆ ಬಳಸಿದರು. 2020ರಲ್ಲಿ ಕೋವಿಡ್ ಹಬ್ಬಿದಾಗ ನಮ್ಮ ಮನೆಮನೆಗಳಲ್ಲಿ ಹೊಲಿದುಕೊಂಡ ಮಾಸ್ಕುಗಳಿಗೆ ಈ ಬಟ್ಟೆಯ ಪಟ್ಟಿ ಹಿರಿಯಜ್ಜಿಯೆನ್ನಬಹುದು.

ಆದರೆ ಬಹುಮಂದಿ ವೈದ್ಯರು ನಂಬಲಿಲ್ಲ. ಅವರಲ್ಲಿ ಫ್ರೆಂಚ್ ವೈದ್ಯರಾದ ಮೆನಿ ಎಂಬವರು ಮುಖ್ಯರು. ವಯಸ್ಸಿನಲ್ಲಿಯೂ ಪ್ಲೇಗಿನ ಅನುಭವದಲ್ಲಿಯೂ ವು ಅವರಿಗಿಂತ ಹಿರಿಯರು. ಗೆಡ್ಡೆಯ ಪ್ಲೇಗನ್ನು ಕಣ್ಣಾರೆ ಕಂಡವರು. ಹಾರ್ಬಿನ್ನಿಗೆ ಬಂದವರೇ ಮುಖ್ಯಾಧಿಕಾರ ತಮಗೆ ಬರಬೇಕೆಂದರು. ತಮ್ಮ ಅಭಿಪ್ರಾಯಕ್ಕೆ ಎದುರಾಡಿದ ಚೀನೀ ತರುಣನ ಮೇಲೆ ರೇಗಿ ಹೀನಾಯವಾಗಿ ಮಾತನಾಡಿದರು. ವು ಅವರು ಮಾತಿಗೆ ಮಾತು ಬೆಳೆಸಲಿಲ್ಲ. ನಡೆದುದನ್ನು ತಂತಿಯ ಮೂಲಕ ಪೀಕಿಂಗಿಗೆ ತಿಳಿಸಿ, ತಾವು ಹುದ್ದೆಯನ್ನು ಬಿಡಲು ಸಿದ್ಧರೆಂದರು. ಸರ್ಕಾರ ವು ಅವರನ್ನೇ ಉಳಿಸಿಕೊಂಡಿತು. ಮೆನಿಯವರು ತಮ್ಮ ನಂಬಿಕೆಯಂತೆ ಮುಸುಕಿಲ್ಲದೆಯೇ ರಷ್ಯನ್ ಆಸ್ಪತ್ರೆಗೆ ಹೋಗಿ ರೋಗಿಗಳನ್ನು ಪರೀಕ್ಷಿಸಿದರು. ಕೆಲವೇ ದಿನಗಳಲ್ಲಿ ಮಲಗಿದರು. 1911ರ ಜನವರಿ 11ರಂದು ತೀರಿಕೊಂಡರು. ಆ ಮೇಲೆ ಹಾರ್ಬಿನ್ನಿನಲ್ಲಿ ಮುಸುಕಿಲ್ಲದ ಮುಖವನ್ನು ಕಾಣುವುದೇ ಅಪರೂಪವಾಯಿತು. ನೂರು ಮಾತುಗಳು ಮಾಡದ ಕೆಲಸವನ್ನು ಒಂದು ಸಾವು ಮಾಡಿದ್ದಿತು. ಹಾಗೆಂದು ಮೆನಿಯವರನ್ನು ಹಗುರಾಗಿ ಕಾಣಲಾಗದು. ಅವರು ಅಹಂಕಾರಿಯಾಗಿದ್ದಿರಬಹುದು, ಹೇಡಿಯಾಗಿರಲಿಲ್ಲ.

ಫೂಜಿಯಾದಿಯನ್ನಿನ ಜನಸಂಖ್ಯೆ ಸುಮಾರು 24,000. ವು ಅವರು ಪಟ್ಟಣವನ್ನು ನಾಲ್ಕು ವಿಭಾಗಗಳಾಗಿ ಒಡೆದು ಒಂದೊಂದಕ್ಕೂ ಒಬ್ಬ ವೈದ್ಯಾಧಿಕಾರಿಯನ್ನು ನೇಮಿಸಿದರು. ಪ್ರತಿಯೊಬ್ಬ ನಿವಾಸಿಯೂ ತನ್ನ ವಿಭಾಗದ ಬಣ್ಣದ ಪಟ್ಟಿಯನ್ನು ತೋಳಿಗೆ ಕಟ್ಟಿಕೊಳ್ಳಬೇಕು. ಪರವಾನಗಿ ಇಲ್ಲದೆ ಮತ್ತೊಂದು ವಿಭಾಗಕ್ಕೆ ಕಾಲಿಡುವಂತಿಲ್ಲ. ಸುತ್ತ ಕಾವಲಿಗೆ ಸಾವಿರಕ್ಕೂ ಮಿಕ್ಕ ಸೈನಿಕರು ಬಂದರು. ರೋಗಿಗಳ ಸಂಪರ್ಕಕ್ಕೆ ಬಂದವರನ್ನು ಬೇರೆಯಿಡಲು ಸ್ಥಳವಿರಲಿಲ್ಲ; ರಷ್ಯನ್ ರೈಲ್ವೆಯವರಿಂದ ಸರಕು ಗಾಡಿಗಳನ್ನು ಬೇಡಿ ಪಡೆದು, ಅವುಗಳಲ್ಲಿ ಒಲೆಗಳನ್ನಿರಿಸಿ ಜನರನ್ನು ಇಳಿಸಲಾಯಿತು. ಪೈಪೋಟಿಯ ರಾಜ್ಯದಿಂದ ಗಾಡಿಗಳನ್ನು ಪಡೆಯುವುದೂ ಒಂದು ಸಂಧಾನವೇ. ಈ ಕ್ರಮಗಳು ಜನರಿಗೆ ಹಿತವಾಗಲಿಲ್ಲ, ಹಿತವಾಗುವಂತಹವೂ ಆಗಿರಲಿಲ್ಲ. ಮನೆಗೆ ದಿಗ್ಬಂಧನ ಬೀಳುವುದೆಂಬ ಭಯದಿಂದ ಕೆಲವರು ರಾತ್ರಿಯಲ್ಲಿ ಶವಗಳನ್ನು ಬೀದಿಗೆ ಎಸೆದುಹೋಗುತ್ತಿದ್ದರು. ಸೇವೆಗೆ ನಿಂತ ವೈದ್ಯರು, ವಿದ್ಯಾರ್ಥಿಗಳು, ಗಾಡಿ ಹೊಡೆಯುವವರು, ಹೆಣ ಹೊರುವವರು ಎಂಬ ಭೇದವಿಲ್ಲದೆ ಸುಮಾರು 300 ಜನ ಮಡಿದರು. ಮುಂಬಯಿಯಲ್ಲಿ ಹಾಫ್‌ಕಿನ್‌ರು ಸಿದ್ಧಪಡಿಸಿದ್ದ ಪ್ಲೇಗಿನ ಲಸಿಕೆಯನ್ನು ತರಿಸಿಕೊಂಡಿದ್ದರೂ ಈ ಬಗೆಯ ರೋಗದಲ್ಲಿ ಅದನ್ನು ನಂಬಿ ಕೂಡುವಂತಿರಲಿಲ್ಲ.

ಜನವರಿಯ ಕೊನೆಯ ವಾರದಲ್ಲಿ ಆ ಪಟ್ಟಣವೊಂದರಲ್ಲೇ ದಿನಕ್ಕೆ 180ಕ್ಕೂ ಹೆಚ್ಚು ಜನ ಸತ್ತರು. ಆಗ ವು ಅವರು ಊರಾಚೆಯ ಸ್ಮಶಾನವನ್ನು ನೋಡಲು ಹೋದರು. ನೆಲ ಕಲ್ಲಾಗಿದ್ದುದರಿಂದ ಗುಂಡಿ ತೋಡುವುದು ಸಾಧ್ಯವಾಗದೆ, ಎರಡು ಸಾವಿರಕ್ಕೂ ಮಿಕ್ಕ ಶವಗಳು, ಕೆಲವು ಪೆಟ್ಟಿಗೆಗಳಲ್ಲಿ, ಕೆಲವು ಬರಿಯ ಹಿಮದ ಮೇಲೆ, ಸಾಲುಸಾಲಾಗಿ ಬಿದ್ದಿದ್ದವು. ಚಳಿಯಲ್ಲಿ ಕೊಳೆಯದ ಆ ಶವಗಳಲ್ಲಿ ರೋಗಾಣುಗಳು ಉಳಿದಿರುವುದು ಸಾಧ್ಯ. ಉಳಿದಿದ್ದುದು ಒಂದೇ ಉಪಾಯ: ದಹನ. ಶವವನ್ನು ಸುಡುವುದು ನಮ್ಮಲ್ಲಿ ಬಹುಜನರಿಗೆ ಸಹಜ ಸಂಸ್ಕಾರ. ಚೀನೀಯರಿಗೆ ಹಾಗಲ್ಲ. ಹಿರಿಯರ ದೇಹವನ್ನು ಅಖಂಡವಾಗಿ ಮಣ್ಣಿಗೊಪ್ಪಿಸಿ, ವರ್ಷವರ್ಷವೂ ಸಮಾಧಿಗೆ ನಮಿಸುವುದು ಮಕ್ಕಳ ಪರಮಧರ್ಮ. ಬೆಂಕಿಗೆ ಹಾಕುವುದೆಂದರೆ ಅವರನ್ನು ಎರಡನೆಯ ಸಲ ಕೊಂದಂತೆ.

ವು ಅವರು ಸೈನ್ಯದ ಬಲದಿಂದ ಆ ಕೆಲಸವನ್ನು ಒಂದೇ ರಾತ್ರಿಯಲ್ಲಿ ಮುಗಿಸಬಹುದಾಗಿದ್ದಿತು. ಅವರು ಹಾಗೆ ಮಾಡಲಿಲ್ಲ. ಊರಿನ ಅಧಿಕಾರಿಗಳನ್ನೂ ಗಣ್ಯರನ್ನೂ ಸ್ಮಶಾನಕ್ಕೆ ಕರೆದೊಯ್ದು, ಕಣ್ಣಾರೆ ನೋಡಿ ನಿರ್ಧರಿಸುವಂತೆ ಬೇಡಿಕೊಂಡರು. ಅವರ ಸಮ್ಮತಿ ದೊರೆತ ಮೇಲೆ ಚಕ್ರವರ್ತಿಯ ಆಸ್ಥಾನಕ್ಕೆ ಬಿನ್ನವತ್ತಳೆ ಕಳುಹಿಸಿ ಉತ್ತರಕ್ಕಾಗಿ ಕಾದರು. ಕಾಯುತ್ತಿದ್ದ ಒಂದೊಂದು ದಿನಕ್ಕೂ ನೂರಾರು ಸಾವು. ಜನವರಿ 30ರಂದು, ಚೀನೀ ಹೊಸ ವರ್ಷದ ದಿನವೇ, ರಾಜಾಜ್ಞೆ ತಲುಪಿತು. ಮರುದಿನ ಶವಗಳನ್ನು ನೂರುನೂರರ ರಾಶಿಗಳಾಗಿ ಒಟ್ಟಿ, ಸೀಮೆಎಣ್ಣೆ ಸುರಿದು ಬೆಂಕಿಯಿಡಲಾಯಿತು. ಅಂದಿನಿಂದ ಸಾವಿನ ಸಂಖ್ಯೆ ಇಳಿಮುಖವಾಯಿತು. ದಹನವೊಂದರಿಂದಲೇ ಹೀಗಾಯಿತೆನ್ನಲಾಗದು, ವಾರಗಳಿಂದ ನಡೆದಿದ್ದ ಪ್ರತ್ಯೇಕವಾಸ, ಮುಸುಕು, ಕಾವಲು ಎಲ್ಲದರ ಫಲ ಕೂಡಿ ಬಂದಿದ್ದಿತು. ಮಾರ್ಚ್ 1ರಂದು ಫೂಜಿಯಾದಿಯನ್ನಿನ ಕೊನೆಯ ರೋಗಿಯ ದಾಖಲೆಯಾಯಿತು. ಮಂಚೂರಿಯಾದಲ್ಲಿಯೂ ಅದರ ಆಸುಪಾಸಿನಲ್ಲಿಯೂ ಒಟ್ಟು ಸುಮಾರು 60,000 ಜನ ಸತ್ತಿದ್ದರು.

ರೋಗ ಅಡಗಿದ ಮೇಲೆ ಸಭೆ ಕೂಡಿತು. ಏಪ್ರಿಲ್ 3ರಿಂದ 28ರವರೆಗೆ ಮುಕ್ಡೆನ್ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಪ್ಲೇಗು ಸಮ್ಮೇಳನಕ್ಕೆ ಹನ್ನೊಂದು ರಾಷ್ಟ್ರಗಳ ಪ್ರತಿನಿಧಿಗಳು ಸೇರಿದರು. ಜಪಾನಿನಿಂದ ಕಿತಸಾಟೊ ಬಂದಿದ್ದರು. ಹಾಂಕಾಂಗಿನಲ್ಲಿ 1894ರಲ್ಲಿ ಪ್ಲೇಗಿನ ರೋಗಾಣುವಿನ ಶೋಧದಲ್ಲಿ ಯೆರ್ಸಿನ್‌ರೊಡನೆ ಹೆಸರು ಪಡೆದ ಮಹಾವಿಜ್ಞಾನಿ ಅವರು. ರಷ್ಯದಿಂದ ಜಬೊಲೊಟ್ನಿ, ಅಮೆರಿಕದಿಂದ ರಿಚರ್ಡ್ ಸ್ಟ್ರಾಂಗ್ ಬಂದಿದ್ದರು. ಅವರೆಲ್ಲರ ನಡುವೆ ಅಧ್ಯಕ್ಷಪೀಠದಲ್ಲಿ ಕುಳಿತವರು ಆಗತಾನೆ ಮೂವತ್ತೆರಡು ತುಂಬಿದ್ದ ವು ಲಿಯೆನ್-ತೆ. ಸಭೆ ಯಾವ ಗಳಿಗೆಯಲ್ಲಾದರೂ ರಾಜಕೀಯದ ಕಡೆಗೆ ಹೊರಳಬಹುದಾಗಿದ್ದಿತು. ರೋಗ ಎಲ್ಲಿಂದ ಬಂದಿತು, ಹೇಗೆ ಹರಡಿತು, ಮತ್ತೆ ಬಾರದಂತೆ ಏನು ಮಾಡಬೇಕು ಎಂಬ ಶಾಸ್ತ್ರವಿಚಾರದ ಗೆರೆಯನ್ನು ಚರ್ಚೆ ದಾಟದಂತೆ ಅವರು ನೋಡಿಕೊಂಡರು. ಸಮ್ಮೇಳನದ ಶಿಫಾರಸಿನ ಫಲವಾಗಿ 1912ರಲ್ಲಿ ಹಾರ್ಬಿನ್ನನ್ನು ಕೇಂದ್ರವಾಗಿಟ್ಟುಕೊಂಡು ಪ್ಲೇಗು ನಿವಾರಣಾ ಸಂಸ್ಥೆ ಹುಟ್ಟಿತು. ಅಷ್ಟರಲ್ಲಿ ಸಮ್ರಾಟರ ಆಳ್ವಿಕೆಯೇ ಅಳಿದು ಗಣರಾಜ್ಯ ಬಂದಿದ್ದಿತು. ಸರ್ಕಾರಗಳು ಬದಲಾದರೂ ಸಂಸ್ಥೆ ನಿಂತಿತು.

ಅದೇ ಚಳಿಗಾಲದಲ್ಲಿ ಹೇಗ್ ನಗರದಲ್ಲಿ ಅಂತರರಾಷ್ಟ್ರೀಯ ಅಫೀಮು ಸಮ್ಮೇಳನ ನೆರೆಯಿತು. ಚೀನದ ಪ್ರತಿನಿಧಿಗಳಲ್ಲಿ ವು ಅವರೂ ಒಬ್ಬರು. 1912ರ ಜನವರಿಯಲ್ಲಿ ಅಫೀಮಿನ ವ್ಯಾಪಾರವನ್ನು ನಿಯಂತ್ರಿಸುವ ಮೊದಲ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಅಲ್ಲಿ ಸಹಿಬಿದ್ದಿತು. ಪೆನಾಂಗಿನಲ್ಲಿ ನೂರು ಡಾಲರ್ ದಂಡ ತೆತ್ತು ಆಗ ಐದು ವರ್ಷವೂ ತುಂಬಿರಲಿಲ್ಲ.

ಮುಂದಿನ ಇಪ್ಪತ್ತೈದು ವರ್ಷ ಅವರು ಚೀನದಲ್ಲಿ ಕಟ್ಟುವ ಕೆಲಸದಲ್ಲಿ ತೊಡಗಿದರು. ಶವಪರೀಕ್ಷೆಗೆ 1913ರಲ್ಲಿ ಕಾನೂನಿನ ಮನ್ನಣೆ ದೊರೆಯಿತು. 1915ರಲ್ಲಿ ಚೀನೀ ವೈದ್ಯಕೀಯ ಸಂಘದ ಸ್ಥಾಪನೆಯಾಯಿತು. ಪೀಕಿಂಗಿನಲ್ಲಿ ಆಸ್ಪತ್ರೆ, ಹಾರ್ಬಿನ್ನಿನಲ್ಲಿ ವೈದ್ಯಕೀಯ ಕಾಲೇಜು ತಲೆಯೆತ್ತಿದವು. 1920-21ರಲ್ಲಿ ಅದೇ ರೋಗ ಮರಳಿ ಬಂದಾಗ ಸತ್ತವರ ಸಂಖ್ಯೆ ಹತ್ತು ಸಾವಿರವನ್ನು ಮುಟ್ಟಲಿಲ್ಲ. ಶ್ವಾಸಕೋಶದ ಪ್ಲೇಗನ್ನು ಕುರಿತ ಅವರ ಬೃಹದ್ಗ್ರಂಥವನ್ನು ರಾಷ್ಟ್ರಸಂಘದ ಆರೋಗ್ಯ ವಿಭಾಗ 1926ರಲ್ಲಿ ಪ್ರಕಟಿಸಿತು. ಚೀನದ ಬಂದರುಗಳಿಗೆ ಬರುವ ಹಡಗುಗಳ ಆರೋಗ್ಯ ತಪಾಸಣೆ ಆವರೆಗೆ ವಿದೇಶೀಯರ ಹಿಡಿತದ ಸುಂಕದ ಇಲಾಖೆಯಲ್ಲಿದ್ದಿತು. ಮಾತುಕತೆಗಳ ಮೂಲಕ ಅದನ್ನು ಬಿಡಿಸಿಕೊಂಡು, 1930ರಲ್ಲಿ ಶಾಂಘೈಯಲ್ಲಿ ರಾಷ್ಟ್ರೀಯ ಕ್ವಾರಂಟೈನ್ ಸೇವೆ ಆರಂಭವಾದಾಗ ಅದರ ಮೊದಲ ನಿರ್ದೇಶಕರಾದವರೂ ಅವರೇ. 1935ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಅವರ ಹೆಸರು ಸೂಚಿತವಾಯಿತು, ಪಾರಿತೋಷಕ ಬರಲಿಲ್ಲ.

ಕಟ್ಟಿದ್ದನ್ನೆಲ್ಲ ಯುದ್ಧ ನುಂಗಿತು. 1931ರಲ್ಲಿ ಜಪಾನ್ ಮಂಚೂರಿಯಾವನ್ನು ಆಕ್ರಮಿಸಿತು. ಒಂದು ಕಾಲಕ್ಕೆ ಜಪಾನೀ ವಿಜ್ಞಾನಿಗಳ ಸಭೆಗೆ ಅಧ್ಯಕ್ಷರಾಗಿದ್ದವರನ್ನು ಜಪಾನೀ ಸೈನ್ಯ ಗೂಢಚಾರರೆಂದು ಶಂಕಿಸಿ ಬಂಧಿಸಿ ವಿಚಾರಣೆ ನಡೆಸಿತು. 1937ರಲ್ಲಿ ಯುದ್ಧ ಶಾಂಘೈಗೂ ಹರಡಿದಾಗ ಅವರ ಮನೆ ಬಾಂಬಿಗೆ ತುತ್ತಾಯಿತು. ಪತ್ನಿಯೂ ಅದೇ ವರ್ಷ ತೀರಿಕೊಂಡರು. ಐವತ್ತೆಂಟನೆಯ ವಯಸ್ಸಿನಲ್ಲಿ ಅವರು ಮಲಯಕ್ಕೆ ಮರಳಿ, ಇಪೊ ಪಟ್ಟಣದ ಬೀದಿಯೊಂದರಲ್ಲಿ ಸಾಮಾನ್ಯ ವೈದ್ಯರಂತೆ ಚಿಕಿತ್ಸಾಲಯವನ್ನು ತೆರೆದರು. ಅಲ್ಲಿಗೂ ಜಪಾನಿನ ಸೈನ್ಯ ಬಂದಿತು. 1943ರಲ್ಲಿ ಕಾಡಿನ ಪ್ರತಿರೋಧ ಪಡೆಯವರು ಅವರನ್ನು ಹಿಡಿದೊಯ್ದು ಹಣ ಪಡೆದು ಬಿಟ್ಟರು. ಹಣ ಕೊಟ್ಟದ್ದಕ್ಕಾಗಿ ಜಪಾನೀಯರು ಶಿಕ್ಷಿಸಲು ಹೊರಟರು. ಅವರಿಂದ ಹಿಂದೆ ಚಿಕಿತ್ಸೆ ಪಡೆದಿದ್ದ ಜಪಾನೀ ಅಧಿಕಾರಿಯೊಬ್ಬನ ದೆಸೆಯಿಂದ ಆ ಕಂಟಕ ಕಳೆಯಿತು.

ಇಪೊದಲ್ಲಿ ಬಡರೋಗಿಗಳಿಂದ ಅವರು ಹಣ ಪಡೆಯುತ್ತಿರಲಿಲ್ಲ. ರೋಗಿಗಳ ನಡುವಿನ ಬಿಡುವಿನಲ್ಲಿ ಬರೆದ ಆತ್ಮಕಥೆ 1959ರಲ್ಲಿ ಅಚ್ಚಾಯಿತು. ಆ ದಪ್ಪ ಗ್ರಂಥದಲ್ಲಿ ಅವರು ತಮ್ಮನ್ನು ನಾನು ಎಂದು ಕರೆದುಕೊಂಡಿಲ್ಲ. ಬೇರೆ ಯಾರದೋ ಕಥೆಯೆಂಬಂತೆ ಡಾಕ್ಟರ್ ವು ಎಂದೇ ಬರೆದಿದ್ದಾರೆ. ಮರುವರ್ಷ, 1960ರ ಜನವರಿ 21ರಂದು, ಹುಟ್ಟಿದೂರಾದ ಪೆನಾಂಗಿನಲ್ಲಿ, ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ ಅವರು ನಿಧನರಾದರು.